ಸಣ್ಣ ಲೇತ್‌ಗೆ ಒಳ್ಳೆ ಚಕ್ ಯಾವುದು? ಬುಷ್ ಸೆಂಟರ್ ತಪ್ಪುತ್ತಿದೆ

ಸಾಗರದ ಶೆಡ್

ಎಲ್ಲರಿಗೂ ನಮಸ್ಕಾರ. ಸಾಗರದಿಂದ ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಹಳೇ ಕೊಟ್ಟಿಗೆಯ ಅರ್ಧ ಭಾಗಕ್ಕೆ ಸಿಮೆಂಟ್ ಹಾಕಿಸಿ ವರ್ಕ್‌ಶಾಪ್ ಮಾಡಿಕೊಂಡಿದ್ದೀನಿ. ಔಷಧಿ ಹೊಡೆಯುವ ಪಂಪ್, ಕಳೆ ಕೊಚ್ಚುವ ಮಷೀನ್, ಅಡಿಕೆ ಸುಲಿಯುವ ಮಷೀನ್ ರಿಪೇರಿ ನನ್ನ ಕೆಲಸ. ಮೊದಲೆಲ್ಲ ಒಂದು ಬುಷ್ (ಶಾಫ್ಟ್ ಒಳಗೆ ತಿರುಗೋ ಲೋಹದ ಕೊಳವೆ) ಬೇಕಂದ್ರೂ ಶಿವಮೊಗ್ಗಕ್ಕೆ ಹೋಗಿ ಲೇತ್ ಅಂಗಡಿ ಮುಂದೆ ಕಾಯಬೇಕಿತ್ತು. ಮಳೆ ಹಿಡಿಯೋ ಮುಂಚೆ ಬೋರ್ಡೋ ಔಷಧಿ ಹೊಡೆಯೋ ವಾರದಲ್ಲಿ ಪಂಪ್ ನಿಂತರೆ ತೋಟದವರಿಗೆ ಎರಡು ದಿನವೂ ದೊಡ್ಡದು, ಕೊಳೆ ರೋಗ ಯಾರಿಗೂ ಕಾಯಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಸಿಂಗಲ್ ಫೇಸ್‌ನಲ್ಲಿ ಓಡೋ ಒಂದು ಮಿನಿ ಲೇತ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಸ್ಪಿಂಡಲ್ (ಚಕ್ ತಿರುಗಿಸೋ ಟೊಳ್ಳು ಶಾಫ್ಟ್) ತೂತು 20 ಮಿ.ಮೀ, ಒಳಗೆ ಮೋರ್ಸ್ ಟೇಪರ್ 3 ಅನ್ನೋ ಓರೆ ಅಳತೆ. ಅದರ ಜೊತೆ ಬಂದದ್ದು 80 ಮಿ.ಮೀ ತ್ರೀ ಜಾ ಚಕ್, ಅಂದರೆ ತಿರುಗೋ ಜಾಬನ್ನು ಮೂರು ದವಡೆಯಲ್ಲಿ (ಜಾ) ಕಚ್ಚಿ ಹಿಡಿಯೋದು.

ಸಮಸ್ಯೆ ಇದು. ಪಂಪ್‌ಗೆ ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಷ್ ಮಾಡ್ತೀನಿ. ಹೊರಗೆ 22 ಮಿ.ಮೀ, ಒಳಗೆ 16, ಉದ್ದ 25. ಮೊದಲು ಹೊರಮೈ ಟರ್ನ್ ಮಾಡಿ (ದುಂಡಗೆ ಕೆತ್ತಿ), ಕಟ್ ಮಾಡಿ ತೆಗೆದು, ತಿರುಗಿಸಿ ಹಿಡಿದು ಒಳಗೆ ಬೋರ್ ಮಾಡ್ತೀನಿ (ತೂತು ಕೆತ್ತಿ ಅಳತೆಗೆ ತರ್ತೀನಿ). ಮೊನ್ನೆ ಬೇರಿಂಗಿನ ಗುಂಡೊಂದನ್ನು ಒಳಗಿಟ್ಟು ಮೈಕ್ರೋಮೀಟರ್‌ನಲ್ಲಿ ಗೋಡೆ ಅಳೆದರೆ ಒಂದು ಕಡೆ 3.06, ಎದುರು ಕಡೆ 2.94. ಪಂಪ್ ಹತ್ತು ನಿಮಿಷ ಓಡಿದರೆ ಬಿಸಿ.

ಡೋವೆಲ್ ಪಿನ್ (ನಿಖರವಾಗಿ ದುಂಡಗಿರೋ ಉಕ್ಕಿನ ಕಡ್ಡಿ) ಹಿಡಿದು ಡಯಲ್ (ಸಣ್ಣ ಅಲುಗಾಟ ಅಳೆಯೋ ಮುಳ್ಳಿನ ಗೇಜ್) ಇಟ್ಟೆ. ಜಾ ಪಕ್ಕದಲ್ಲೇ 0.12 ಔಟ್ (ಒಂದು ಸುತ್ತಿಗೆ ಮುಳ್ಳು ಅಷ್ಟು ಅಲುಗುತ್ತೆ), 60 ಮಿ.ಮೀ ಮುಂದೆ ಹೋದರೆ 0.20. ಮಾರಿದವರಿಗೆ ಫೋನ್ ಮಾಡಿದರೆ ಸಣ್ಣ ಲೇತ್‌ನಲ್ಲಿ ಅಷ್ಟು ಇದ್ದದ್ದೇ ಅಂದರು.

ಹೊಸ ಚಕ್ ತಗೋಬೇಕು ಅಂತ ಹದಿನೈದು ಸಾವಿರ ತೆಗೆದಿಟ್ಟಿದ್ದೀನಿ. 100 ತಗೊಳ್ಳಲಾ, 125 ಕೂರುತ್ತಾ? ಬಾಡಿ ಎರಕದ್ದೋ ಸ್ಟೀಲೋ? ಚೀನಾದ್ದು ಸಾಕಾ, ಯುರೋಪಿನದ್ದಕ್ಕೆ ಇನ್ನಷ್ಟು ಕೂಡಿಡಲಾ? ಈ ದುಡ್ಡು ಒಂದೇ ಸಲ ಖರ್ಚು ಮಾಡೋಕಾಗೋದು, ಅದಕ್ಕೇ ಕೇಳ್ತಿದ್ದೀನಿ.

---

ಹರಿಹರದ ಹಳೇ ಟರ್ನರ್

ತಮ್ಮಾ, ವಯಸ್ಸಿನಲ್ಲಿ ದೊಡ್ಡವನು, ಏಕವಚನದಲ್ಲಿ ಬರೆದರೆ ಬೇಸರ ಮಾಡಿಕೋಬೇಡ. ಗುಂಡು ಇಟ್ಟು ಗೋಡೆ ಅಳೆದದ್ದು ನೋಡಿ ಬಹಳ ಖುಷಿ ಆಯ್ತು. ಡಯಲ್ 0.12 ತೋರಿಸಿತು, ಗೋಡೆಯ ವ್ಯತ್ಯಾಸವೂ ಸರಿಯಾಗಿ 0.12. ಅಂದರೆ ನಿನ್ನ ಅಳತೆ ಸುಳ್ಳಲ್ಲ. ಸೆಂಟರ್ 0.06 ಸರಿದಿದೆ, ಸುತ್ತು ಹೊಡೆದಾಗ ಡಯಲ್ ಅದರ ಎರಡರಷ್ಟು ಓದುತ್ತೆ.

ಆದರೆ ಚಕ್ ಕೊಳ್ಳೋ ಮೊದಲು ಒಂದು ಮಾತು. ಆ ಬುಷ್ ಹಾಳಾಗಿದ್ದು ಚಕ್ಕಿಂದ ಅಂತ ನೀನು ಅಂದುಕೊಂಡಿದ್ದೀಯ. ಅದು ಹಾಳಾಗಿದ್ದು ನೀನು ಬಿಚ್ಚಿ ಮತ್ತೆ ಹಿಡಿದಿದ್ದಕ್ಕೆ. ರಾಡನ್ನು ಚಕ್‌ನಲ್ಲಿ ಹಿಡಿದು ಫೇಸ್ ಮಾಡು (ತುದಿ ಮಟ್ಟ ಮಾಡು), ಡ್ರಿಲ್ ಹೊಡಿ, ಬೋರ್ ಮಾಡು, ಹೊರಮೈಯನ್ನೂ ಅಲ್ಲೇ ಟರ್ನ್ ಮಾಡು. ಕೊನೆಗೆ ಕಟ್ ಮಾಡಿ ತೆಗಿ. ಅಲ್ಲಿವರೆಗೂ ಚಕ್ ಕೀ (ಜಾ ಬಿಗಿಯೋ ಚಾವಿ) ಮುಟ್ಟಬೇಡ. ಆಗ ನಿನ್ನ ಚಕ್ ಅರ್ಧ ಮಿಲಿಮೀಟರ್ ಔಟ್ ಇದ್ದರೂ ಬುಷ್‌ನ ಒಳಮೈ ಹೊರಮೈ ಒಂದೇ ಸೆಂಟರ್‌ನಲ್ಲಿ ಇರ್ತವೆ. ಯಾಕಂದ್ರೆ ಎರಡನ್ನೂ ತಿರುಗಿಸಿದ್ದು ಒಂದೇ ಸ್ಪಿಂಡಲ್, ಮಧ್ಯದಲ್ಲಿ ಏನೂ ಜರುಗಿಲ್ಲ. ಔಟ್ ಲೆಕ್ಕಕ್ಕೆ ಬರೋದು ಆಗಲೇ ಫಿನಿಶ್ ಆದ ಮೈಯನ್ನು ಮತ್ತೆ ಹಿಡಿಯುವಾಗ ಮಾತ್ರ.

ಹಾಗಾದರೆ ನಿನ್ನ ಕೆಲಸದಲ್ಲಿ ಫಿನಿಶ್ ಆದ ಮೈ ಹಿಡಿಯೋದು ಯಾವಾಗ? ಸವೆದ ಶಾಫ್ಟ್ ತಂದುಕೊಡ್ತಾರೆ, ಹಳೇ ಪುಲ್ಲಿ ತರ್ತಾರೆ, ಪಂಪ್ ಹೌಸಿಂಗ್ ತರ್ತಾರೆ. ಅದಕ್ಕೆಲ್ಲ ತ್ರೀ ಜಾ ಎಷ್ಟು ದುಬಾರಿಯದಾದರೂ ಸೋಲುತ್ತೆ. ಹಿಂದೆ ಒಂದೇ ಸ್ಕ್ರೋಲ್ (ಸುರುಳಿ ಹಲ್ಲಿನ ತಟ್ಟೆ), ಮೂರು ಜಾನೂ ಅದರ ಮೇಲೇ ಓಡಬೇಕು. ಸ್ಕ್ರೋಲ್‌ನ ಹಲ್ಲು ಒಂದೊಂದು ಜಾಗದಲ್ಲಿ ಒಂದೊಂದು ಥರ ಸವೆದಿರುತ್ತೆ. 10 ಮಿ.ಮೀ ಪಿನ್‌ಗೆ 0.03 ತೋರಿಸಿದ ಚಕ್ 40ಕ್ಕೆ 0.09 ತೋರಿಸಬಹುದು. ಅದಕ್ಕೇ ಮೊದಲ ದುಡ್ಡು ಫೋರ್ ಜಾ ಇಂಡಿಪೆಂಡೆಂಟ್‌ಗೆ ಹಾಕು. ನಾಲ್ಕು ಜಾಗೂ ಬೇರೆ ಬೇರೆ ಸ್ಕ್ರೂ. ಚೌಕದ್ದು ಹಿಡಿ, ಎರಕದ ಹೌಸಿಂಗ್ ಹಿಡಿ, ಬೇಕೆಂದೇ ಸೆಂಟರ್ ಸರಿಸಿ ಎಕ್ಸೆಂಟ್ರಿಕ್ ಮಾಡು. ಡಯಲ್ ಎಷ್ಟು ತೋರಿಸುತ್ತೋ ಅಷ್ಟು ಸೆಂಟರ್ ನಿನ್ನ ಕೈಯಲ್ಲಿ. ಸಾಧಾರಣ ಬೆಲೆಯ ಫೋರ್ ಜಾದಲ್ಲೂ 0.01ಕ್ಕೆ ತರಬಹುದು. ಇಷ್ಟು ಬೆಲೆಗೆ ಇಷ್ಟು ನಿಖರ ಕೊಡೋ ಇನ್ನೊಂದು ಸಾಮಾನು ನನಗೆ ಗೊತ್ತಿಲ್ಲ.

ನಾನು ಕೆಲಸ ಕಲಿತದ್ದು ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗ್ತಿದ್ದ ಊರಲ್ಲಿ. ನಮ್ಮ ಮೇಸ್ತ್ರಿ ಮೊದಲ ಆರು ತಿಂಗಳು ನನಗೆ ತ್ರೀ ಜಾ ಕೊಡಲೇ ಇಲ್ಲ. ದುಂಡು ರಾಡನ್ನೂ ಫೋರ್ ಜಾದಲ್ಲೇ ಸೆಂಟರ್ ಮಾಡಬೇಕಿತ್ತು. ಮೊದಲ ದಿನ ಒಂದು ಜಾಬ್‌ಗೆ ಮುಕ್ಕಾಲು ಗಂಟೆ ತಗೊಂಡೆ, ಆರು ತಿಂಗಳ ಕೊನೆಗೆ ಮೂರು ನಿಮಿಷ. ಕ್ರಮ ಇಷ್ಟೇ: ಎದುರುಬದುರಿನ ಒಂದು ಜೋಡಿ ಜಾ ಮಾತ್ರ ನೋಡು, ಇನ್ನೊಂದು ಜೋಡಿ ಮರೆತುಬಿಡು. ಒಂದನೇ ಜಾ ಎದುರು ಡಯಲ್ 0.40, ಮೂರನೇ ಜಾ ಎದುರು 0.10 ಅಂತ ಇಟ್ಟುಕೋ. ವ್ಯತ್ಯಾಸ 0.30, ಅದರ ಅರ್ಧ 0.15 ಸರಿಸಬೇಕು. ಮೂರನೆಯದನ್ನು ಸಡಿಲ ಮಾಡು, ಒಂದನೆಯದನ್ನು ಬಿಗಿ ಮಾಡು, ಎರಡೂ ಕಡೆ 0.25 ಬರೋ ತನಕ. ಆಮೇಲೆ ಎರಡನೇ ಜೋಡಿ. ಒಂದಕ್ಕೆ ಎರಡು ಚಕ್ ಕೀ ಇಟ್ಟುಕೊಂಡರೆ ಎರಡೂ ಕೈಯಿಂದ ಎದುರುಬದುರು ತಿರುಗಿಸಬಹುದು, ಅರ್ಧ ಸಮಯ ಉಳಿಯುತ್ತೆ.

ಈಗ ನಿನ್ನ ಹಳೇ ಚಕ್. ಬಿಸಾಕೋ ಮೊದಲು ಬಿಚ್ಚು. ಜಾ ತೆಗಿ, ಹಿಂದಿನ ಪ್ಲೇಟ್ ತೆಗಿ, ಸ್ಕ್ರೋಲ್ ತೆಗಿ, ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳಿ. ಹಲ್ಲಿನ ಸಂದಿಯಲ್ಲಿ ಒಂದು ಚೂರು ಗನ್‌ಮೆಟಲ್ ಸಿಕ್ಕಿಕೊಂಡಿದ್ದರೂ ಒಂದು ಜಾ ಹಿಂದೆ ಬೀಳುತ್ತೆ. ಜಾ ಮೇಲೆ 1, 2, 3 ಅಂತ ಇರುತ್ತೆ, ಬಾಡಿಯಲ್ಲಿ ಜಾ ಓಡೋ ಸೀಳಿನಲ್ಲೂ ನಂಬರ್ ಇರುತ್ತೆ, ಅದೇ ಕ್ರಮದಲ್ಲಿ ಹಾಕು. ಆಮೇಲೆ ಚಕ್ ಇಲ್ಲದೆ ಬರೀ ಸ್ಪಿಂಡಲ್ ಮೇಲೆ ಡಯಲ್ ಇಡು, ಚಕ್ ಕೂರುವ ಮೆಟ್ಟಿಲ ಮೇಲೂ, ಎದುರು ಮುಖದ ಮೇಲೂ. ಅಲ್ಲೇ ಔಟ್ ಇದ್ದರೆ ಯಾವ ದೇಶದ ಚಕ್ ತಂದರೂ ಪ್ರಯೋಜನ ಇಲ್ಲ. ಮುಖದ ಮೇಲೆ ಒಂದು ಸಣ್ಣ ಗಾಯದ ಉಬ್ಬು ಇದ್ದರೂ ಸಾಕು, ಎಣ್ಣೆ ಕಲ್ಲಲ್ಲಿ ಮೆಲ್ಲಗೆ ಉಜ್ಜು.

60 ಮಿ.ಮೀ ಮುಂದೆ 0.20 ಅಂದೆಯಲ್ಲ, ಅದು ನನಗೆ 0.12ಕ್ಕಿಂತ ಹೆಚ್ಚು ಚಿಂತೆಯ ವಿಷಯ. ಪಿನ್ ಓರೆ ನಿಂತಿದೆ. ಸಾಮಾನ್ಯವಾಗಿ ಜಾ ತುದಿ ಸವೆದು ಕಹಳೆ ಬಾಯಿ ಥರ ಅಗಲ ಆಗಿರುತ್ತೆ. ಪಿನ್ ಹಿಡಿದು ಹಿಂದೆ ಬೆಳಕು ಬಿಟ್ಟು ನೋಡು, ಜಾ ಮುಂತುದಿಯಲ್ಲಿ ಸಂದು ಕಾಣುತ್ತಾ ಅಂತ.

---

ಪೀಣ್ಯ ಟೂಲ್‌ರೂಮ್

ಹಿರಿಯರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಸೈಜ್ ಬಗ್ಗೆ ನಾನು ಸೇರಿಸ್ತೀನಿ, ಆ ಪ್ರಶ್ನೆ ಉಳಿದಿದೆ.

ನಿಮ್ಮ 80ರ ಚಕ್ ಬಹುಶಃ ಕೆ11-80 ಮಾದರಿಯದ್ದು. ಹಿಂದೆ ಮೆಟ್ಟಿಲ ಮೇಲೆ ಕೂರೋ ತಗ್ಗು 55 ಮಿ.ಮೀ, ಮಧ್ಯದ ತೂತು 16. ನಿಮ್ಮ ಸ್ಪಿಂಡಲ್‌ನಲ್ಲಿ 20ರ ರಾಡ್ ಹೋಗುತ್ತೆ, ಆದರೆ ಚಕ್‌ನಲ್ಲೇ 16ಕ್ಕೆ ತಡೆ ಆಗುತ್ತೆ. ಅದೇ ಕೆ11-100ರಲ್ಲಿ ತೂತು 22, ಅಂದರೆ ಸ್ಪಿಂಡಲ್ ಪೂರ್ತಿ ಉಪಯೋಗಕ್ಕೆ ಬರುತ್ತೆ. 100ಕ್ಕೆ ಹೋಗೋಕೆ ನನ್ನ ಪ್ರಕಾರ ಇದೇ ಮುಖ್ಯ ಕಾರಣ. 125ರಲ್ಲಿ ತೂತು 30 ಇದ್ದರೂ ನಿಮಗೆ ಅದರಿಂದ ಲಾಭ ಇಲ್ಲ. ತೂಕ ಐದು ಕೆ.ಜಿ ಹತ್ತಿರ, 100ರದ್ದು ಮೂರು ಚಿಲ್ಲರೆ. ಮಿನಿ ಲೇತ್‌ನ ಮುಂದಿನ ಬೇರಿಂಗ್ ಮೇಲೆ ಅಷ್ಟು ಭಾರ ನೇತುಹಾಕಬೇಡಿ, ಜಾ ಹೊರಗೆ ಬಂದಾಗ ಬೆಡ್‌ಗೂ ತಾಗಬಹುದು.

100ರ ತಗ್ಗು 72 ಮಿ.ಮೀ, ಬೋಲ್ಟ್ ಸುತ್ತು (ಬೋಲ್ಟ್ ತೂತುಗಳ ವೃತ್ತದ ವ್ಯಾಸ) 84. ನಿಮ್ಮ ಸ್ಪಿಂಡಲ್ 55ರದ್ದು, ನೇರ ಕೂರಲ್ಲ. ನಡುವೆ ಬ್ಯಾಕ್‌ಪ್ಲೇಟ್ ಬೇಕು. ಇದು ತೊಂದರೆ ಅಂದುಕೋಬೇಡಿ, ಇದೇ ಅನುಕೂಲ. ಎರಕದ ಪ್ಲೇಟ್ ತಂದು ಸ್ಪಿಂಡಲ್‌ಗೆ ಬಿಗಿದು, ಚಕ್ ಕೂರುವ ಮೆಟ್ಟಿಲನ್ನು ನಿಮ್ಮ ಲೇತ್‌ನಲ್ಲೇ ಟರ್ನ್ ಮಾಡಿದರೆ ಅದು ನಿಮ್ಮ ಸ್ಪಿಂಡಲ್‌ಗೆ ಸೊನ್ನೆ ಔಟ್. ಮುಖದ ನಡುಭಾಗ ಸ್ವಲ್ಪ ಕೆಳಗಿಳಿಸಿ, ಚಕ್ ಹೊರಸುತ್ತಿನ ಮೇಲೆ ಮಾತ್ರ ಕೂರಲಿ. ಪ್ಲೇಟ್‌ಗೂ ಸ್ಪಿಂಡಲ್‌ಗೂ ಒಂದು ಗುರುತು ಹಾಕಿ, ಪ್ರತಿ ಸಲ ಅದೇ ಜಾಗಕ್ಕೆ ಬರಲಿ.

ನಾವು ಮಾಡೋ ಇನ್ನೊಂದು ಕ್ರಮ: ಮೆಟ್ಟಿಲನ್ನು 72ಕ್ಕೆ ಬಿಗಿಯಾಗಿ ಮಾಡದೆ 0.2 ಸಣ್ಣದು ಮಾಡ್ತೀವಿ. ಬೋಲ್ಟ್ ಅರ್ಧ ಬಿಗಿದು, ಪಿನ್ ಹಿಡಿದು, ಡಯಲ್ ನೋಡ್ತಾ ಚಕ್ ಬಾಡಿಗೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟಿ ಸೊನ್ನೆಗೆ ತಂದು ಪೂರ್ತಿ ಬಿಗೀತೀವಿ. ಇಂಗ್ಲೆಂಡಿನ ಪ್ರ್ಯಾಟ್ ಬರ್ನರ್ಡ್‌ನವರ ಗ್ರಿಪ್‌ಟ್ರೂ ಚಕ್‌ನಲ್ಲಿ ಇದೇ ಕೆಲಸಕ್ಕೆ ಪಕ್ಕದಲ್ಲಿ ಸ್ಕ್ರೂ ಕೊಟ್ಟಿರ್ತಾರೆ.

ಇನ್ನೊಂದು ಎಚ್ಚರಿಕೆ, ಬುಷ್ ಮಾಡೋರಿಗೆ ಇದು ಬಹಳ ಮುಖ್ಯ. 3 ಮಿ.ಮೀ ಗೋಡೆಯ ಗನ್‌ಮೆಟಲ್ ಬುಷ್‌ನ್ನು ತ್ರೀ ಜಾದಲ್ಲಿ ಬಿಗಿದು ಬೋರ್ ಮಾಡಿದರೆ, ಹಿಡಿದಿರುವಷ್ಟು ಹೊತ್ತು ತೂತು ದುಂಡಗೆ ಇರುತ್ತೆ. ಸಡಿಲ ಮಾಡಿದ ತಕ್ಷಣ ಗೋಡೆ ಚಿಮ್ಮಿ ಮೂರು ಮೂಲೆಯ ಆಕಾರ ಬರುತ್ತೆ. ಅದನ್ನು ಮೈಕ್ರೋಮೀಟರ್‌ನಲ್ಲೋ ವರ್ನಿಯರ್‌ನಲ್ಲೋ ಅಳೆದರೆ ಗೊತ್ತೇ ಆಗಲ್ಲ. ಒಂದು ಕಡೆ ಉಬ್ಬು, ಅದರ ಎದುರು ತಗ್ಗು, ಹಾಗಾಗಿ ಎಲ್ಲಿ ಅಳೆದರೂ ವ್ಯಾಸ ಹೆಚ್ಚುಕಮ್ಮಿ ಒಂದೇ ಬರುತ್ತೆ. ಶಾಫ್ಟ್ ಹಾಕಿದಾಗ ಮಾತ್ರ ಮೂರು ಜಾಗದಲ್ಲಿ ಹಿಡಿಯುತ್ತೆ. ನಿಮ್ಮ ಪಂಪ್ ಬಿಸಿ ಆಗೋಕೆ ಇದೂ ಕಾರಣ ಇರಬಹುದು.

---

ಹರಿಹರದ ಹಳೇ ಟರ್ನರ್

ಆ ಮೂರು ಮೂಲೆಯ ಮಾತು ನಾನು ಬರೆಯಬೇಕಿತ್ತು, ಬಿಟ್ಟುಹೋಯ್ತು. ಬಹಳ ಸರಿ.

ಸಡಿಲ ಮೆಟ್ಟಿಲಿಗೆ ಮಾತ್ರ ನಾನು ಒಪ್ಪಲ್ಲ. ಟೂಲ್‌ರೂಮ್‌ನಲ್ಲಿ ಕೈ ಪಳಗಿದವರಿಗೆ ಅದು ಸರಿ. ಇವನು ಒಬ್ಬನೇ ಇದ್ದಾನೆ, ಒಂದು ದಿನ ಟೂಲ್ ಸಿಕ್ಕಿಹಾಕಿಕೊಂಡು ಚಕ್‌ಗೆ ಏಟು ಬಿದ್ದರೆ ಅದು ಜರುಗುತ್ತೆ, ಜರುಗಿದ್ದು ತಿಳಿಯದೆ ನಾಲ್ಕು ಜಾಬ್ ಮಾಡಿರ್ತಾನೆ. ತಟ್ಟಿ ಸೊನ್ನೆ ಮಾಡಿದರೂ ಅದು ಆ ಒಂದು ವ್ಯಾಸಕ್ಕೆ ಮಾತ್ರ ಸೊನ್ನೆ. ತಮ್ಮಾ, ನೀನು ಚಕ್‌ನ ತಗ್ಗನ್ನು ಅಳೆದು ಮೆಟ್ಟಿಲನ್ನು ಅದಕ್ಕಿಂತ 0.01 ಸಣ್ಣದು ಮಾಡು, ಅಂಗೈಯಿಂದ ಒತ್ತಿದರೆ ಕೂರಬೇಕು. ಮಿಕ್ಕ ನಿಖರ ಬೇಕಾದಾಗ ಫೋರ್ ಜಾ ಇದ್ದೇ ಇದೆ.

---

ಪೀಣ್ಯ ಟೂಲ್‌ರೂಮ್

ಏಟು ಬಿದ್ದಾಗ ಜರುಗೋದು ಒಳ್ಳೆಯದು ಅಂತ ನನ್ನ ಅನುಭವ. ಬಿಗಿ ಮೆಟ್ಟಿಲಾದರೆ ಆ ಏಟು ಜಾ ಮೇಲೋ ಸ್ಕ್ರೋಲ್ ಮೇಲೋ ಹೋಗುತ್ತೆ. ಆದರೆ ದಿನಾ ಡಯಲ್ ಇಟ್ಟು ನೋಡೋ ಅಭ್ಯಾಸ ಇಲ್ಲದಿದ್ದರೆ ನೀವು ಹೇಳಿದ್ದೇ ಕ್ಷೇಮ, ಅದನ್ನು ಒಪ್ತೀನಿ.

---

ಸಾಗರದ ಶೆಡ್

ಇಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಕಮ್ಮಿ. ನಿನ್ನೆ ರಾತ್ರಿ ಹಳೇ ಚಕ್ ಬಿಚ್ಚಿದೆ. ಸ್ಕ್ರೋಲ್‌ನ ಸಂದಿಯಲ್ಲಿ ಗನ್‌ಮೆಟಲ್ ಚೂರು ಗಟ್ಟಿಯಾಗಿ ಕೂತಿತ್ತು, ಹಿತ್ತಾಳೆ ಕಡ್ಡಿಯಿಂದ ಕೀಳಬೇಕಾಯ್ತು. ಸ್ಪಿಂಡಲ್ ಮೆಟ್ಟಿಲ ಮೇಲೆ ಡಯಲ್ ಮುಳ್ಳು ಅಲುಗಲೇ ಇಲ್ಲ, ಮುಖದ ಮೇಲೆ ಒಂದು ಉಬ್ಬು ಇತ್ತು, ಉಜ್ಜಿದೆ. ಮತ್ತೆ ಜೋಡಿಸಿ ಅದೇ ಪಿನ್ ಹಿಡಿದರೆ ಜಾ ಪಕ್ಕದಲ್ಲಿ 0.12 ಇದ್ದದ್ದು 0.07 ಆಯ್ತು. 60 ಮುಂದೆ ಮಾತ್ರ ಇನ್ನೂ 0.15. ಬೆಳಕು ಬಿಟ್ಟು ನೋಡಿದೆ, ಅಣ್ಣ ಹೇಳಿದ ಹಾಗೇ ಮೂರೂ ಜಾ ಮುಂತುದಿಯಲ್ಲಿ ಸಂದು.

ಒಂದೇ ಹಿಡಿತದಲ್ಲಿ ಒಂದು ಬುಷ್ ಮಾಡಿ ಗುಂಡು ಇಟ್ಟು ಅಳೆದೆ. ನಾಲ್ಕು ಕಡೆಯೂ 3.00. ನಿಜ ಹೇಳ್ತೀನಿ, ಎರಡು ವರ್ಷದಲ್ಲಿ ಮೊದಲ ಸಲ. ಅಮ್ಮನನ್ನು ಕರೆದು ತೋರಿಸಿದೆ.

ಬೆಂಗಳೂರಿಗೆ ಮುಂದಿನ ವಾರ ಬರ್ತೀನಿ. ಫೋರ್ ಜಾ ಖಂಡಿತ, ಜೊತೆಗೆ 100ರ ತ್ರೀ ಜಾ. ಅಂಗಡಿ ಕೌಂಟರ್ ಮೇಲೆ ಇಟ್ಟಾಗ ಒಳ್ಳೇದು ಕೆಟ್ಟದ್ದು ಹೇಗೆ ಗುರುತಿಸೋದು? ಅಲ್ಲಿ ಡಯಲ್ ಇಡೋಕಾಗಲ್ಲ.

---

ಹರಿಹರದ ಹಳೇ ಟರ್ನರ್

ಅಮ್ಮನಿಗೆ ತೋರಿಸಿದ್ದು ಓದಿ ಕಣ್ಣು ತುಂಬಿತು.

ಕೌಂಟರ್ ಮೇಲೆ ಹೀಗೆ ನೋಡು. ಜೇಬಿನಲ್ಲಿ ಎರಡು ಡೋವೆಲ್ ಪಿನ್ ಇಟ್ಟುಕೊಂಡು ಹೋಗು, ಒಂದು 6, ಒಂದು 16. ಮೊದಲು ಕೀ ಹಾಕಿ ಜಾ ಪೂರ್ತಿ ಒಳಗಿಂದ ಪೂರ್ತಿ ಹೊರಗೆ ಓಡಿಸು. ಕೈಗೆ ಒಂದೇ ಸಮ ಸಿಗಬೇಕು. ಒಂದು ಕಡೆ ಹಗುರ, ಒಂದು ಕಡೆ ಬಿಗಿ ಅನ್ನಿಸಿದರೆ ಸ್ಕ್ರೋಲ್ ನೇರ ಇಲ್ಲ, ಇಲ್ಲವೇ ಒಳಗೆ ಎರಕದ ಮರಳು ಉಳಿದಿದೆ. ಮೂರು ಪಿನಿಯನ್‌ನಲ್ಲೂ (ಕೀ ಕೂರೋ ಸಣ್ಣ ಗೇರ್) ಕೀ ಹಾಕಿ ನೋಡು, ಒಂದರಲ್ಲಿ ಮಾತ್ರ ಅಲ್ಲ. ಕೆಲವು ಚಕ್‌ನಲ್ಲಿ ಒಂದು ಪಿನಿಯನ್ ಪಕ್ಕ ಸೊನ್ನೆ ಗುರುತು ಇರುತ್ತೆ, ಕಾರ್ಖಾನೆಯಲ್ಲಿ ಅದರಿಂದಲೇ ಬಿಗಿದು ಅಳೆದಿರ್ತಾರೆ. ನೀನೂ ಕೊನೆಯ ಬಿಗಿ ಅದರಲ್ಲೇ ಕೊಡಬೇಕು.

ಜಾ ಅರ್ಧ ಹೊರಗಿಟ್ಟು ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸು. ಸೀಳಿನಲ್ಲಿ ಟಕ್ ಟಕ್ ಅಂದರೆ ಬೇಡ, ಬಿಗಿದಾಗ ಅದೇ ಜಾ ಮೇಲಕ್ಕೆ ಎದ್ದು ಜಾಬ್ ಓರೆ ಆಗುತ್ತೆ. ನಿನ್ನ ಹಳೇ ಚಕ್‌ನ ರೋಗ ಅದೇ. ಆಮೇಲೆ ಪಿನ್ ಹಿಡಿದು ಕಿಟಕಿ ಕಡೆ ಎತ್ತಿ ನೋಡು, ಜಾ ಉದ್ದಕ್ಕೂ ಬೆಳಕು ಕಾಣಬಾರದು. ಎರಡೂ ಪಿನ್‌ನಲ್ಲಿ ನೋಡು.

ಜಾ ಹಿಡಿಯುವ ಮೈ ಗ್ರೈಂಡ್ ಆಗಿದೆಯಾ ಅನ್ನೋದು ಕಣ್ಣಿಗೆ ಕಾಣುತ್ತೆ, ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಇರ್ತವೆ. ಚಕ್ ಮುಖದ ಮೇಲೆ ಎಷ್ಟು ಆರ್‌ಪಿಎಂ ಅಂತ ಒತ್ತಿರುತ್ತೆ, ಅದು ನಿನ್ನ ಲೇತ್‌ನ ಅತಿ ಹೆಚ್ಚು ಸ್ಪೀಡ್‌ಗಿಂತ ಮೇಲಿರಬೇಕು. ಎರಕದ ಬಾಡಿ ನಿನ್ನ ಕೆಲಸಕ್ಕೆ ಸಾಕು. ಸ್ಟೀಲ್ ಬಾಡಿ ಬೇಕಾಗೋದು ಜೋರಾಗಿ ಓಡಿಸೋರಿಗೆ.

ಬ್ರ್ಯಾಂಡ್ ಕೇಳಿದೆ. ಜರ್ಮನಿಯ ರೋಹ್ಮ್, ಪೋಲೆಂಡಿನ ಬೈಸನ್ ಕೈಯಲ್ಲಿ ಹಿಡಿದವನು ಮರೆಯಲ್ಲ. ಆದರೆ ನಿನ್ನ ಹದಿನೈದು ಸಾವಿರವನ್ನು ಅದರ ಒಂದು ತ್ರೀ ಜಾಗೆ ಸುರಿದು ಫೋರ್ ಜಾ ಇಲ್ಲದೆ ಕೂರಬೇಡ. ಸಾಧಾರಣದ್ದೇ ಎರಡು ತಗೋ, ಆರಿಸಿ ತಗೋ. ಉಳಿದ ದುಡ್ಡಲ್ಲಿ ಒಳ್ಳೆಯ ಡಯಲ್, ಮ್ಯಾಗ್ನೆಟ್ ಸ್ಟ್ಯಾಂಡ್.

---

ಬೆಳಗಾವಿ ಕಾಲೆಟ್

ಉದ್ಯಮಬಾಗ್‌ನಲ್ಲಿ ಕೆಲಸ ಮಾಡ್ತೀನ್ರಿ. ಒಂದೇ ಮಾತು ಹೇಳ್ತೀನಿ. ಶಾಫ್ಟ್ ಕೆಲಸ ಜಾಸ್ತಿ ಇದ್ರ ಮುಂದಿನ ವರ್ಷಕ್ಕ ಇಆರ್32 ಕಾಲೆಟ್ ಚಕ್ (ಸೀಳಿದ ಕೊಳವಿಯಿಂದ ಅಮುಕಿ ಹಿಡಿಯೂದು) ಮನಸ್ಸಿನ್ಯಾಗ ಇಟ್ಕೋರಿ. 2ರಿಂದ 20 ಮಿ.ಮೀ ತನಕ ಹಿಡಿತೈತಿ, ಸುತ್ತೂ ಹಿಡಿಯೂದಕ್ಕ ಗನ್‌ಮೆಟಲ್ ಮ್ಯಾಲ ಜಾ ಗಾಯ ಬೀಳೂದಿಲ್ಲ. ನಿಮ್ಮ 22ರ ಬುಷ್ ಮಾತ್ರ ಅದ್ರಾಗ ಹೋಗೂದಿಲ್ಲ, ಗಿಡ್ಡ ತುಂಡು ಹಿಡಿಯಾಕೂ ಅದು ಬರೂದಿಲ್ಲ. ಕಾಲೆಟ್ ಉದ್ದಕ್ಕೂ ಜಾಬ್ ಇರಬೇಕು.

---

ಸಾಗರದ ಶೆಡ್

ಮೂರು ವಾರ ಆದ ಮೇಲೆ ಬರೀತಿದ್ದೀನಿ. ಬೆಂಗಳೂರಲ್ಲಿ ಐದು ತ್ರೀ ಜಾ ಕೌಂಟರ್ ಮೇಲೆ ಇಳಿಸಿ ನೋಡಿದೆ. ಅಂಗಡಿಯವರು ಮೊದಲು ಬೇಸರ ಮಾಡಿಕೊಂಡರು, ಪಿನ್ ಹಿಡಿದು ಬೆಳಕು ನೋಡಿದಾಗ ಅವರೇ ಹತ್ತಿರ ಬಂದು ನೋಡಿದರು. ಎರಡರಲ್ಲಿ ಜಾ ಅಲುಗುತ್ತಿತ್ತು, ಒಂದರಲ್ಲಿ ಕೀ ಮಧ್ಯೆ ಬಿಗಿ ಬರ್ತಿತ್ತು. ನಾಲ್ಕನೆಯದು ತಗೊಂಡೆ. ಫೋರ್ ಜಾ 100ರದ್ದೇ, ಬ್ಯಾಕ್‌ಪ್ಲೇಟ್ ಎರಡು. ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಬಂದೆ.

ಮೊದಲನೇ ಪ್ಲೇಟ್‌ನ ಮೆಟ್ಟಿಲು ಹಾಳು ಮಾಡಿದೆ. ಬೆಚ್ಚಗಿದ್ದಾಗಲೇ ಅಳೆದು 72 ಅಂತ ನಿಲ್ಲಿಸಿದೆ, ಊಟ ಮುಗಿಸಿ ಬಂದು ನೋಡಿದರೆ ಸಡಿಲ. ಅದನ್ನು ಪೀಣ್ಯದ ಸರ್ ಹೇಳಿದ ಹಾಗೆ ತಟ್ಟಿ ಹೊಂದಿಸೋ ಕ್ರಮಕ್ಕೆ ಫೋರ್ ಜಾಗೆ ಹಾಕಿದೆ, ಫೋರ್ ಜಾಗೆ ಹೇಗೂ ಡಯಲ್ ಇಡಲೇಬೇಕು. ಎರಡನೆಯದನ್ನು ಆರಲು ಬಿಟ್ಟು ಬಿಟ್ಟು ಮಾಡಿದೆ, ಅಂಗೈಯಿಂದ ಒತ್ತಿದಾಗ ಕೂತಿತು.

ಹೊಸ ತ್ರೀ ಜಾ: 6ರ ಪಿನ್‌ಗೆ 0.04, 16ಕ್ಕೆ 0.03, ಒಂದು 30ರ ಬೇರಿಂಗ್ ಶಾಫ್ಟ್ ತುಂಡಿಗೆ 0.06. 60 ಮುಂದೆ 16ರ ಪಿನ್‌ನಲ್ಲಿ 0.04. ಫೋರ್ ಜಾದಲ್ಲಿ ನಿನ್ನೆ ಒಂದು ಕ್ರ್ಯಾಂಕ್ ಶಾಫ್ಟ್ ಸೆಂಟರ್ ಮಾಡೋಕೆ ಇಪ್ಪತ್ತೈದು ನಿಮಿಷ ತಗೊಂಡೆ, ಡಯಲ್ ಮುಳ್ಳು ಒಂದು ಗೆರೆಯೊಳಗೆ ನಿಂತಿತು. ಕಳೆದ ತಿಂಗಳು ಬಿಸಿಯಾಗಿ ವಾಪಸ್ ಬಂದಿದ್ದ ಪಂಪ್‌ಗೆ ಹೊಸ ಬುಷ್ ಹಾಕಿ ಎರಡು ಬ್ಯಾರೆಲ್ ಔಷಧಿ ಹೊಡೆದು ನೋಡಿದ್ವಿ. ಕೈ ಇಟ್ಟರೆ ಬರೀ ಬೆಚ್ಚಗೆ.

ಈಗ ಒಂದೇ ಚಿಂತೆ. ಜೂನ್ ಬಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತೆ. ಬಳಸದೆ ಇಟ್ಟ ಚಕ್‌ಗೆ ತುಕ್ಕು ಹಿಡಿಯದ ಹಾಗೆ ಏನು ಮಾಡ್ತೀರಿ?

---

ಹರಿಹರದ ಹಳೇ ಟರ್ನರ್

0.03 ಬಂತಲ್ಲ, ಅಷ್ಟು ಸಾಕು ತಮ್ಮಾ.

ಇಡೋ ಮುಂಚೆ ಜಾ ತೆಗೆದು ಒರೆಸು, ಹೊರಮೈಗೆ, ಜಾಗೆ, ಸ್ಕ್ರೂಗೆ ತೆಳ್ಳಗೆ ಗ್ರೀಸ್ ಸವರು. ಓಡಿಸೋ ಚಕ್‌ನ ಸ್ಕ್ರೋಲ್‌ಗೆ ಮಾತ್ರ ಗ್ರೀಸ್ ಹಾಕಬೇಡ, ಚೂರೆಲ್ಲ ಅಂಟಿಕೊಂಡು ಅರೆಯುತ್ತೆ. ಅಲ್ಲಿ ಎರಡು ಹನಿ ತೆಳು ಎಣ್ಣೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲದ ಮೇಲಲ್ಲ, ಅಡಿಗೆಮನೆ ಒಲೆ ಗೋಡೆಯ ಆಚೆ ಬದಿ ಹಲಗೆ ಮೇಲೆ ಇಡು, ಮಲೆನಾಡಲ್ಲಿ ಒಣಗಿರೋ ಜಾಗ ಅದೊಂದೇ. ಚಕ್ ಬಿಚ್ಚೋವಾಗ ಬೆಡ್ ಮೇಲೆ ಒಂದು ಮರದ ಹಲಗೆ ಹಾಕಿಕೋ. ಕೈಜಾರಿದರೆ ಬೆಡ್‌ಗೂ ಗಾಯ, ನಿನ್ನ ಬೆರಳಿಗೂ ಗಾಯ. ಚಕ್ ಕೀಯನ್ನು ಕೈಯಿಂದ ಬಿಡೋ ಮುಂಚೆ ಚಕ್‌ನಿಂದ ತೆಗಿ, ಪ್ರತಿ ಸಲ.